ಪರದೆಯ ಮೇಲಿನ ಸಮುದ್ರ

ಮಾರ್ಚ್ 3, ಸೋಮವಾರ

ಇವತ್ತು ಇಬ್ಬರು ರೇಡಾರ್ ಅಧಿಕಾರಿಗಳು ನನ್ನ ಪರದೆಯ ಮುಂದೆ ಕೂತು ಬಾಯಿಗೆ ಬಂದಂತೆ ಬೈದರು. ಆಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ.

ಬೈದದ್ದು ನನ್ನನ್ನಲ್ಲ, ಸಮುದ್ರವನ್ನು. "ದರಿದ್ರ ಅಲೆಗಳು! ಹಡಗಲ್ಲಿ ಕೂತಾಗಲೂ ಹೀಗೇ ಜೀವ ತಿಂತಾವೆ" ಎಂದು ಒಬ್ಬರು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದರು. ಇದಕ್ಕಿಂತ ದೊಡ್ಡ ಬಿರುದು ನನಗೆ ಬೇಕಿಲ್ಲ. ಹೋದ ವರ್ಷದವರೆಗೆ, ಕಂಪ್ಯೂಟರಿನಲ್ಲಿ ಆಡುವ ನಮ್ಮ ಯುದ್ಧದಾಟದ ರೇಡಾರಿಗೆ ಕಾಣದ್ದೇ ಇರಲಿಲ್ಲ. ಶತ್ರು ವಿಮಾನ ಎಲ್ಲಿದ್ದರೂ ಪರದೆಯ ಮೇಲೆ ಚುಕ್ಕಿ. ಗುಂಡಿ ಒತ್ತಿದರೆ ಕಾವಲು ವಿಮಾನ ಬಾಣದ ಹಾಗೆ ಹೋಗಿ ಅದನ್ನು ಅಡ್ಡಗಟ್ಟುತ್ತಿತ್ತು. ನಾನು ಅದಕ್ಕೆ ನಿಜವಾದ ಅಲೆಗಳನ್ನೂ ವಿಳಂಬವನ್ನೂ ಸೇರಿಸಿದ ಮೇಲೆ ಈಗ ಹಾಗಿಲ್ಲ. ನೀರಿಗೆ ಹೊಟ್ಟೆ ತಾಗಿಸಿಕೊಂಡು ಬರುವ ವಿಮಾನ ಭೂಮಿಯ ಬಾಗಿನ ಹಿಂದೆ ಅಡಗಿರುತ್ತದೆ, ಹತ್ತಿರ ಬರುವವರೆಗೆ ಹಡಗಿನ ರೇಡಾರಿಗೆ ಕಾಣುವುದಿಲ್ಲ. ಅಲೆಗಳು ಎದ್ದರೆ ಅವೂ ಪರದೆಯ ಮೇಲೆ ಸುಳ್ಳು ಚುಕ್ಕಿಗಳಾಗಿ ಮಿನುಗುತ್ತವೆ. ಹಡಗಿನ ಕಂಟ್ರೋಲರ್ ಪರದೆ ನೋಡಬೇಕು, ಯಾವುದು ನಿಜ ಎಂದು ತೀರ್ಮಾನಿಸಬೇಕು, ಪೈಲಟ್‌ನ ಕಿವಿಗೆ ಹೇಳಬೇಕು, ಪೈಲಟ್ ಕೇಳಿಸಿಕೊಂಡು ತಿರುಗಬೇಕು. ಅಷ್ಟರಲ್ಲಿ ಶತ್ರು ಅಲ್ಲಿರುವುದಿಲ್ಲ.

ನಾಳೆಯಿಂದ ಆಟ. ಅಡ್ಮಿರಲ್ ಅವರ ಪ್ರಶ್ನೆ ಒಂದೇ. ದ್ವೀಪದ ಕಾವಲುಪಡೆಗೆ ಹೋಗುವ ಸರಕು ಹಡಗಿನ ಮೇಲೆ ಇಷ್ಟು ದಿನ ರೇಡಾರ್ ವಿಮಾನವೊಂದು ಹಾರುತ್ತಿತ್ತು. ಎತ್ತರದಿಂದ ಕೆಳಗೆ ನೋಡುವುದರಿಂದ ಅದಕ್ಕೆ ಎಲ್ಲ ಕಾಣುತ್ತದೆ. ಆದರೆ ಅದು ಮುದಿ ವಿಮಾನ, ಹಾರಿದ್ದಕ್ಕಿಂತ ರಿಪೇರಿಯಲ್ಲಿ ಕೂತದ್ದೇ ಹೆಚ್ಚು. ಅದಿಲ್ಲದೆ, ಹಡಗಿನ ಸ್ವಂತ ರೇಡಾರ್ ಮತ್ತು ದಡದಿಂದ ಹಾರುವ ಎರಡು ಕಾವಲು ವಿಮಾನಗಳ ಭರವಸೆಯಲ್ಲಿ ಹಡಗು ಕಳಿಸಬಹುದೇ?

ಸಂಜೆ ನಿರ್ದೇಶಕರು ಬಂದು ಕುರ್ಚಿಯ ಹಿಂದೆ ನಿಂತರು. ಕಾಲೇಜಿನಲ್ಲಿ ಗಣಿತ ಪಾಠ ಮಾಡಿಕೊಂಡಿದ್ದ ನನ್ನನ್ನು ಈ ಕೇಂದ್ರಕ್ಕೆ ಕರೆತಂದವರು ಅವರು, ನಿವೃತ್ತ ಕ್ಯಾಪ್ಟನ್. "ಚೆನ್ನಾಗಿದೆ ಕಣಮ್ಮ. ಆದ್ರೆ ಆಡೋಕೂ ಆಗ್ಬೇಕಲ್ವಾ?" ಎಂದು ನಕ್ಕರು. ನಾನೂ ನಕ್ಕೆ.

ಮಾರ್ಚ್ 4, ಮಂಗಳವಾರ

ಬೆಳಗಿನ ಟೀ ಬರುವ ಮೊದಲೇ ಹಡಗು ಮುಳುಗಿತು.

ಶತ್ರು ಪಕ್ಷವಾದ ಕೆಂಪು ತಂಡವನ್ನು ನಡೆಸುವಾಕೆ ನೌಕಾಪಡೆಯ ಹಿರಿಯ ಅಧಿಕಾರಿ. ಎಷ್ಟು ವರ್ಷದಿಂದ ಶತ್ರುವಾಗಿದ್ದಾರೆಂದರೆ ಕ್ಯಾಂಟೀನಿನವರೂ "ಶತ್ರು ಮೇಡಂಗೆ ಒಂದು ಟೀ, ಸಕ್ಕರೆ ಬೇಡ" ಎಂದೇ ಕೂಗುತ್ತಾರೆ. ಆಕೆ ತನ್ನ ವಿಮಾನಗಳನ್ನು ನೀರಿಗೆ ಅಂಟಿಸಿದ ಹಾಗೆ ತಂದರು. ನಮ್ಮ ಪಕ್ಷವಾದ ನೀಲಿ ತಂಡದ ಕಂಟ್ರೋಲರ್ ಅಲೆಯ ಚುಕ್ಕಿಯೊಂದನ್ನು ವಿಮಾನವೆಂದು ನಂಬಿ ಕಾವಲಿನವರನ್ನು ಉತ್ತರಕ್ಕೆ ಓಡಿಸಿದ. ಶತ್ರು ಬಂದದ್ದು ಪೂರ್ವದಿಂದ.

ಅಡ್ಮಿರಲ್ ಸಭೆಯ ಕೋಣೆಗೆ ಬಂದವರು ಕೂರಲೂ ಇಲ್ಲ. "ಇದು ಆಟಾನೋ, ನಮ್ಮನ್ನ ಅಣಕಿಸೋಕೆ ಮಾಡಿದ್ದೋ?"

ಅವರು ಹೋದ ಮೇಲೆ ನಿರ್ದೇಶಕರು ನನ್ನನ್ನು ಕರೆದರು. ಸಮುದ್ರ ಅಷ್ಟು ಒರಟಾಗಿರಲೇಬೇಕೆ ಎಂದು ಕೇಳಿದರು. ಈ ತಿಂಗಳಲ್ಲಿ ಹಾಗೇ ಇರುತ್ತದೆ ಎಂದೆ. "ಎಲ್ಲ ದಿನಾನೂ?" ಎಂದರು. ಎಲ್ಲ ದಿನ ಇರುವುದಿಲ್ಲ, ನಿಜ. ಶಾಂತವಾದ ದಿನಗಳೂ ಇರುತ್ತವೆ. ಹಾಗಾಗಿ ಅಲೆಗಳನ್ನು ಇಳಿಸಿದೆ. ಇದರಲ್ಲಿ ಸುಳ್ಳೇನೂ ಇಲ್ಲ.

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. "ನಮ್ ಕಾಲದಲ್ಲಿ ಒಂದು ಟ್ರಂಕ್ ಕಾಲ್ ಸಿಗೋಕೆ ಅರ್ಧ ದಿನ ಬೇಕಿತ್ತು. ನಿಮ್ಮಲ್ಲಿ ಯುದ್ಧಾನೇ ತಿಂಡಿ ಹೊತ್ತಿಗೆ ಮುಗಿಯುತ್ತಲ್ಲೇ" ಎಂದಳು. ಹಡಗು ಮುಳುಗಿದ್ದನ್ನು ಹೇಳಿರಲಿಲ್ಲ. ಬೇಗ ಮನೆಗೆ ಬಂದದ್ದನ್ನು ನೋಡಿ ಊಹಿಸಿದ್ದಳು.

ಮಾರ್ಚ್ 6, ಗುರುವಾರ

ಮತ್ತೆ ಸೋಲು. ಈ ಸಲ ಮಧ್ಯಾಹ್ನದವರೆಗೆ ತಡೆದುಕೊಂಡರು. ಮತ್ತೆ ಅದೇ ಸುಳ್ಳು ಚುಕ್ಕಿಗಳು. ಇಳಿಸಿದ ಅಲೆಗಳೂ ಒಂದಿಷ್ಟು ಎಬ್ಬಿಸುತ್ತವಲ್ಲ.

ನಿರ್ದೇಶಕರು ಹೇಳಿದ್ದು: ಹಡಗಿಗೆ ಹೊಸ ರೇಡಾರ್ ಬರಲಿದೆ, ಅದು ಅಲೆಯ ಚುಕ್ಕಿಗಳನ್ನು ತಾನೇ ಸೋಸಿ ತೆಗೆಯುತ್ತದೆ. ಹಾಗಿದ್ದ ಮೇಲೆ ಹಳೆಯದರ ದೋಷವನ್ನು ಆಟದಲ್ಲಿ ಹೊತ್ತುಕೊಂಡು ತಿರುಗುವುದೇಕೆ?

"ಹೊಸದು ಯಾವಾಗ ಬರುತ್ತೆ ಸರ್?"

"ಬರುತ್ತೆ."

ಯೋಚಿಸಿ ನೋಡಿದೆ. ಮುಂದಾಲೋಚನೆಗಾಗಿ ಇರುವ ಆಟ ಮುಂದೆ ಬರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯವೇ. ಸುಳ್ಳು ಚುಕ್ಕಿಗಳನ್ನು ತೆಗೆದೆ. ಪರದೆ ತೊಳೆದಿಟ್ಟ ತಟ್ಟೆಯ ಹಾಗೆ ಕಾಣುತ್ತದೆ. ಮೂರು ತಿಂಗಳ ಕೆಲಸ, ತೆಗೆಯಲು ಒಂದು ಸಾಲು ಸಾಕಾಯಿತು.

ತಮ್ಮನ ಫೋನ್ ಬಂದಿತ್ತು. ಅವನು ದಡದ ವಾಯುನೆಲೆಯಲ್ಲಿ ಪೈಲಟ್. ನಿಜವಾದ ಹಡಗಿನ ಕಾವಲಿಗೆ ಅವನ ದಳವನ್ನೇ ಆರಿಸಿದ್ದಾರಂತೆ. "ನಿನ್ ಆಟದಲ್ಲಿ ನಾನು ಹೇಗೆ ಹಾರ್ತಿದೀನಕ್ಕ?" ಎಂದು ಕೇಳಿದ. ಗುಟ್ಟು ಎಂದೆ.

ಮಾರ್ಚ್ 10, ಸೋಮವಾರ

ಇವತ್ತು ಸ್ವಲ್ಪದರಲ್ಲಿ ತಪ್ಪಿತು. ಕಾವಲಿನವರು ಸರಿಯಾದ ಕಡೆಗೇ ಹೋದರು, ಆದರೆ ತಡವಾಗಿ. ಕಂಟ್ರೋಲರ್ ಹೇಳುವುದು, ಪೈಲಟ್ "ಮತ್ತೊಮ್ಮೆ ಹೇಳಿ" ಎನ್ನುವುದು, ಅವನು ಮತ್ತೆ ಹೇಳುವುದು.

ಸಭೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾಗ ನಾನೇ ಹೇಳಿದೆ: ಮಾತಿನ ವಿಳಂಬವನ್ನು ತೆಗೆದುಬಿಡಬಹುದು. ಪಳಗಿದ ಜೋಡಿಗೆ ಅದು ಲೆಕ್ಕಕ್ಕಿಲ್ಲ. ಆಟದ ಉದ್ದೇಶ ಯೋಜನೆಯನ್ನು ಪರೀಕ್ಷಿಸುವುದು, ಒಬ್ಬೊಬ್ಬರ ಕಿವಿಯನ್ನಲ್ಲ. ನೈಜತೆಗೂ ಬಳಕೆಗೂ ಒಂದು ಸಮತೋಲನ ಇರಬೇಕು.

ಅಡ್ಮಿರಲ್ ಮೊದಲ ಬಾರಿಗೆ ನನ್ನ ಕಡೆ ತಿರುಗಿ ನೋಡಿದರು. "ಇವರು ಪ್ರಾಕ್ಟಿಕಲ್ ಆಗಿ ಮಾತಾಡ್ತಾರೆ" ಎಂದರು.

ಮಾರ್ಚ್ 12, ಬುಧವಾರ

ಗೆದ್ದೆವು. ಹಡಗು ದ್ವೀಪ ತಲುಪಿತು. ಕಾವಲಿನವರು ಪ್ರತಿ ಸಲವೂ ನೇರವಾಗಿ ಹೋಗಿ ಅಡ್ಡಗಟ್ಟಿದರು. ಸಭಾಂಗಣದಲ್ಲಿ ಚಪ್ಪಾಳೆ. ನಿರ್ದೇಶಕರು ಕೇಕ್ ತರಿಸಿದರು. ಕತ್ತರಿಸಲು ನನ್ನ ಕೈಗೇ ಚಾಕು ಕೊಟ್ಟರು.

ಕೈ ತೊಳೆಯುವಲ್ಲಿ ಶತ್ರು ಮೇಡಂ ಸಿಕ್ಕರು. "ನನ್ ವಿಮಾನಗಳು ಈಗ ಕೈಯೆತ್ತಿ 'ಇಲ್ಲಿದೀವಿ, ಇಲ್ಲಿದೀವಿ' ಅಂತ ಕೂಗ್ತಾ ಬರ್ತಾವೆ, ನೋಡಿದ್ರಾ?" ಎಂದರು. ಸೋತವರ ಮಾತು. ಅದನ್ನೇ ಸ್ವಲ್ಪ ಮೆದುವಾಗಿ ಅವರಿಗೆ ಹೇಳಿದೆ.

ಮಾರ್ಚ್ 13, ಗುರುವಾರ

ಮತ್ತೆ ಗೆಲುವು. ವರದಿ ಸಿದ್ಧವಾಗುತ್ತಿದೆ.

ಮಾರ್ಚ್ 14, ಶುಕ್ರವಾರ

ಗೆಲುವು.

ಮಾರ್ಚ್ 16, ಭಾನುವಾರ

ತಮ್ಮ ಊಟಕ್ಕೆ ಬಂದಿದ್ದ. ಅಮ್ಮ ಬೆಳಿಗ್ಗೆಯಿಂದ ಅಡುಗೆಮನೆ ಬಿಟ್ಟು ಕದಲಿರಲಿಲ್ಲ. ಅವನು ಬಂದ ಕೂಡಲೇ ಬಾಣಲೆಗೆ ಕೈ ಹಾಕಿ ಬೈಸಿಕೊಂಡ. ದೊಡ್ಡ ಆಫೀಸರ್ ಆದರೂ ಇದು ಮಾತ್ರ ಹೋಗಿಲ್ಲ.

ಊಟವಾದ ಮೇಲೆ ನಾವಿಬ್ಬರೇ ಮಹಡಿಯ ಮೆಟ್ಟಿಲ ಮೇಲೆ ಕೂತೆವು. ಹಡಗು ಹೊರಡುವ ದಿನ ಗೊತ್ತಾಗಿದೆಯಂತೆ. ಅವನೂ ಅವನ ಜೊತೆಗಾರನೂ ಮೊದಲ ಪಾಳಿ.

"ವಿಮಾನದ ಹೊಟ್ಟೆ ಕೆಳಗಿನ ಹೆಚ್ಚುವರಿ ಇಂಧನದ ಟ್ಯಾಂಕ್ ಕಳಚ್ತಿದಾರೆ ಅಕ್ಕ. ಅದರ ಜಾಗಕ್ಕೆ ಇನ್ನೊಂದು ಕ್ಷಿಪಣಿ."

"ಯಾಕೆ?"

"ನಿಮ್ ಆಟದಿಂದಾನೇ. ಪ್ರತಿ ಸಲ ನೇರ ಹೋಗಿ ನೇರ ಬಂದಿದೀವಲ್ಲ, ಇಂಧನ ಮಿಕ್ಕಿದೆ. ಟ್ಯಾಂಕ್ ಸುಮ್ನೆ ಭಾರ ಅಂತ ತೀರ್ಮಾನ ಮಾಡಿದಾರೆ." ಕೈಯಲ್ಲಿದ್ದ ಕಡ್ಡಿಯನ್ನು ಮುರಿಯುತ್ತಾ ಕೂತಿದ್ದ. "ಅಷ್ಟು ದೂರ, ಕೆಳಗೆ ಬರೀ ನೀರು. ಹುಡುಗ್ರು ಗೊಣಗ್ತಿದಾರೆ. ನಾನೇ ಹೇಳಿದೆ, ಆ ಲೆಕ್ಕ ಮಾಡಿರೋದು ನಮ್ಮಕ್ಕ, ಸುಮ್ನಿರಿ ಅಂತ."

ಉದುರಿದ ಕಡ್ಡಿಯ ಚೂರುಗಳನ್ನು ಆರಿಸತೊಡಗಿದೆ.

"ಸಾಕಾಗುತ್ತಲ್ವಾ?" ಎಂದ.

"ಸಾಕಾಗುತ್ತೆ" ಎಂದೆ.

ಅವನು ಕಡ್ಡಿ ಎಸೆದು, ಕೈ ಒರೆಸಿಕೊಂಡು, ಅಮ್ಮನಿಗೆ ಪಾತ್ರೆ ಒರೆಸಲು ಹೋದ. ಒಳಗಿನಿಂದ ಇಬ್ಬರೂ ನಗುವುದು ಕೇಳಿಸುತ್ತಿತ್ತು.

ಮಾರ್ಚ್ 17, ಸೋಮವಾರ

ಕೆಲಸಕ್ಕೆ ಹೋದೆ. ಬಂದೆ. ಅಮ್ಮ ಏನೋ ಕೇಳಿದಳು, ಸುಮ್ಮಸುಮ್ಮನೆ ರೇಗಿದೆ.

ಮಾರ್ಚ್ 18, ಮಂಗಳವಾರ

ಊಟದ ಬಿಡುವಿನಲ್ಲಿ ಎಲ್ಲರೂ ಹೋದ ಮೇಲೆ ಹಳೆಯ ಸಮುದ್ರವನ್ನು ಮತ್ತೆ ತಂದೆ. ಒರಟು ಅಲೆ, ಸುಳ್ಳು ಚುಕ್ಕಿ, ಮಾತಿನ ವಿಳಂಬ, ಎಲ್ಲವನ್ನೂ. ವಿಮಾನಗಳಿಂದ ಹೆಚ್ಚುವರಿ ಟ್ಯಾಂಕ್ ಕಳಚಿದೆ. ಯಂತ್ರಕ್ಕೇ ಆಡಲು ಬಿಟ್ಟು ನೋಡುತ್ತಾ ಕೂತೆ.

ಒಂದು ಸಲ ಸುಳ್ಳು ಚುಕ್ಕಿಯ ಹಿಂದೆ ಹೋದರೆ ಸಾಕು, ಹಿಂದಿರುಗಲು ಇಂಧನವಿಲ್ಲ. ದಡ ಕಾಣುವ ಮೊದಲೇ ಇಬ್ಬರೂ ನೀರಿಗೆ. ಮತ್ತೆ ಆಡಿಸಿದೆ. ಮತ್ತೆ ನೀರಿಗೆ. ಇನ್ನೊಮ್ಮೆ ಆಡಿಸಿದಾಗ ಒಬ್ಬ ತಲುಪಿದ, ಇನ್ನೊಬ್ಬ ತಲುಪಲಿಲ್ಲ. ತಲುಪದವನು ಯಾರು ಎಂದು ನೋಡಲು ಹೋಗಿ ನಿಲ್ಲಿಸಿದೆ. ಆಟದಲ್ಲಿ ಅವರಿಗೆ ಹೆಸರಿಲ್ಲ.

ನಿರ್ದೇಶಕರ ಕೋಣೆಗೆ ಹೋದೆ. ಬಾಗಿಲು ಹಾಕು ಎಂದರು.

"ಸರ್, ಟ್ಯಾಂಕ್ ವಿಷಯ ನಿಮಗೆ ಗೊತ್ತಿತ್ತಾ?"

"ನಿನ್ನೆ ಗೊತ್ತಾಯ್ತು."

"ನಾವು ತೆಗೆದದ್ದನ್ನೆಲ್ಲ ವರದಿಯಲ್ಲಿ ಬರೆದಿದ್ದೀವಾ?"

"ಹಿಂದುಗಡೆ ಒಂದು ಸಾಲಿದೆ. 'ಅನುಕೂಲಕ್ಕಾಗಿ ಕೆಲವು ಸರಳೀಕರಣ' ಅಂತ."

"ಅದನ್ನ ಯಾರು ಓದ್ತಾರೆ ಸರ್?"

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನೋಡಮ್ಮ, ಮೊದಲ ವಾರದ ಹಾಗೇ ಸೋಲಿಸ್ತಾ ಹೋಗಿದ್ರೆ ಈ ಕೇಂದ್ರಾನೇ ಮುಚ್ತಿದ್ರು. ಆಮೇಲೆ ಕಾಗದದ ಮೇಲೆ ಗೀಚಿ ತೀರ್ಮಾನ ಮಾಡ್ತಿದ್ರು. ಅದು ಇದಕ್ಕಿಂತ ಒಳ್ಳೇದಾ?" ಕನ್ನಡಕ ಮತ್ತೆ ಹಾಕಿಕೊಂಡು, "ಮತ್ತೆ, ಒಂದೊಂದನ್ನೂ ನೀನೇ ಒಪ್ಪಿ ತೆಗೆದದ್ದು. ಕೊನೇದನ್ನ ನಾನು ಕೇಳಲೂ ಇಲ್ಲ" ಎಂದರು.

ಬಾಗಿಲು ತೆರೆದು ಹೊರಬಂದೆ. ನಾಡಿದ್ದು ಪ್ರದರ್ಶನ, ಪೈಲಟ್‌ಗಳೂ ಬರುತ್ತಾರೆ. ಅದು ಮುಗಿದ ಮೇಲೆ ವರದಿಗೆ ಅಡ್ಮಿರಲ್ ಸಹಿ.

ಮಾರ್ಚ್ 19, ಬುಧವಾರ

ಶತ್ರು ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಹೋದ ವಾರ ಕೊಂಕು ಮಾತಾಡಿದ್ದಕ್ಕೆ ಕ್ಷಮೆ ಕೇಳಲು ಹೊರಟರೆ ಕೈ ಅಡ್ಡ ಹಿಡಿದರು.

"ನಾಳೆ ನನ್ ವಿಮಾನಗಳನ್ನ ನಾನು ತರ್ತೀನಿ. ಅಲೆಗಳನ್ನ ನೀವು ತನ್ನಿ. ಆದ್ರೆ ಕದ್ದು ತರಬೇಡಿ, ಎಲ್ಲರ ಮುಂದೆ ಹೇಳಿ ತನ್ನಿ. ಇಲ್ದಿದ್ರೆ ನಾಳೆ ಸಂಜೆಗೆ ನಿಮ್ಮನ್ನ ಹುಚ್ಚಿ ಅಂತಾರೆ."

ತಮ್ಮನಿಗೆ ಮೊದಲೇ ಹೇಳಬೇಕೆಂದು ಫೋನ್ ಎತ್ತಿಕೊಂಡೆ. ಏನೆಂದು ಶುರು ಮಾಡುವುದು? ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ. ಅಮ್ಮ ನೋಡುತ್ತಿದ್ದಳು. ಕೊನೆಗೂ ನಾನು ಫೋನ್ ಮಾಡಲಿಲ್ಲ.

ಮಾರ್ಚ್ 20, ಗುರುವಾರ

ನೆನಪಿರುವಾಗಲೇ ಎಲ್ಲವನ್ನೂ ಬರೆದಿಡುತ್ತೇನೆ.

ಸಭಾಂಗಣ ತುಂಬಿತ್ತು. ಮುಂದೆ ಅಡ್ಮಿರಲ್, ಪಕ್ಕದಲ್ಲಿ ನಿರ್ದೇಶಕರು, ಗೋಡೆಗೆ ಒರಗಿ ಪೈಲಟ್‌ಗಳು. ಪಕ್ಕದ ಕೋಣೆಯಲ್ಲಿ ವಿಮಾನದ ಕುರ್ಚಿಯಂತೆ ಮಾಡಿಟ್ಟ ಆಸನದಲ್ಲಿ ತಮ್ಮ ಕೂತಿದ್ದ. ಕಾವಲು ವಿಮಾನ ಹಾರಿಸಿ ತೋರಿಸಲು ಅವನನ್ನೇ ಆರಿಸಿದ್ದರು, ಜೊತೆಯ ಇನ್ನೊಂದನ್ನು ಯಂತ್ರವೇ ಹಾರಿಸುತ್ತಿತ್ತು. ನನ್ನನ್ನು ನೋಡಿ ಹುಬ್ಬು ಹಾರಿಸಿದ್ದ.

ಎದ್ದು ನಿಂತೆ. "ಸರ್, ಈ ಆಟದಿಂದ ನಾನು ಮೂರು ಸಂಗತಿ ತೆಗೆದಿದೀನಿ. ಅಲೆ, ಅಲೆಯ ಸುಳ್ಳು ಚುಕ್ಕಿ, ಹೇಳೋದಕ್ಕೂ ಕೇಳೋದಕ್ಕೂ ಹಿಡಿಯೋ ಹೊತ್ತು. ಈಗ ಮೂರನ್ನೂ ವಾಪಸ್ ಹಾಕ್ತಿದೀನಿ. ಕಂಟ್ರೋಲರ್ ಕುರ್ಚಿಯಲ್ಲಿ ಇವತ್ತು ದಯವಿಟ್ಟು ನೀವೇ ಕೂರಬೇಕು."

ನಿರ್ದೇಶಕರು ಅರ್ಧ ಎದ್ದು ಮತ್ತೆ ಕೂತರು. ಹಿಂದೆ ಯಾರೋ ಕೆಮ್ಮಿದರು. ಅಡ್ಮಿರಲ್ ನನ್ನನ್ನೇ ದಿಟ್ಟಿಸಿದರು. ಹೊರಗೆ ಕಳಿಸುತ್ತಾರೆಂದುಕೊಂಡೆ. ಆದರೆ ಅಷ್ಟು ಜನ ಕಿರಿಯರ ಮುಂದೆ ಹಿಂದೆ ಸರಿಯುವ ಮನುಷ್ಯ ಅವರಲ್ಲ. ಟೋಪಿ ತೆಗೆದಿಟ್ಟು ಬಂದು ಕೂತು, ಹೆಡ್‌ಫೋನ್ ಹಾಕಿಕೊಂಡರು.

ಪರದೆಯ ಮೇಲೆ ತಿರುಗುವ ರೇಡಾರ್ ಮುಳ್ಳು ಒಂದು ಸುತ್ತು ಬಂತು. ಎಲ್ಲಿ ನೋಡಿದರಲ್ಲಿ ಚುಕ್ಕಿ. ಇನ್ನೊಂದು ಸುತ್ತು. ಕೆಲವು ಹೋದವು, ಕೆಲವು ಹೊಸದಾಗಿ ಬಂದವು.

"ಇದರಲ್ಲಿ ಯಾವುದು?" ಎಂದರು.

"ಗೊತ್ತಿಲ್ಲ ಸರ್. ನೀವೇ ಹೇಳ್ಬೇಕು."

ಉತ್ತರದ ಕಡೆ ಒಂದು ಚುಕ್ಕಿ ಎರಡು ಸುತ್ತು ನಿಂತಿತು. ಅವರು ಮುಂದಕ್ಕೆ ಬಾಗಿದರು. "ಉತ್ತರಕ್ಕೆ ತಿರುಗಿ. ಪೂರ್ತಿ ವೇಗ."

ಧ್ವನಿವರ್ಧಕದಲ್ಲಿ ತಮ್ಮನ ದನಿ, ಗರಗರ ಸದ್ದಿನ ನಡುವೆ: "ಮತ್ತೊಮ್ಮೆ ಹೇಳಿ."

"ಉತ್ತರ! ಉತ್ತರಕ್ಕೆ!"

"ಉತ್ತರ. ತಿರುಗ್ತಿದೀನಿ."

ಮುಳ್ಳು ಸುತ್ತುತ್ತಲೇ ಇತ್ತು. ಆ ಚುಕ್ಕಿ ಮಾಯವಾಯಿತು. ಅಡ್ಮಿರಲ್ ಬೆರಳು ಪರದೆಯ ಮೇಲೆ ಅದನ್ನು ಹುಡುಕಿತು.

"ಇಲ್ಲಿ ಏನೂ ಇಲ್ಲ ಸರ್" ಎಂದ ತಮ್ಮ. "ಬರೀ ನೀರು."

ಅದೇ ಸುತ್ತಿನಲ್ಲಿ ಪೂರ್ವದ ಅಂಚಿನಲ್ಲಿ ಎರಡು ಚುಕ್ಕಿಗಳು ಎದ್ದವು, ಹಡಗಿಗೆ ತೀರ ಹತ್ತಿರ. ಶತ್ರು ಮೇಡಂ ಮೇಜಿನಿಂದ ತಲೆ ಎತ್ತಲೂ ಇಲ್ಲ.

"ಪೂರ್ವಕ್ಕೆ! ತಕ್ಷಣ ಪೂರ್ವಕ್ಕೆ!"

"ಪೂರ್ವಕ್ಕೆ ಬಂದ್ರೆ ನಾನು ವಾಪಸ್ ದಡ ಮುಟ್ಟಲ್ಲ ಸರ್." ಒಂದು ಕ್ಷಣ ಬರೀ ಗರಗರ. ಆಮೇಲೆ, ಆಟದ ದನಿಯಲ್ಲ ಅದು, ಮೆಟ್ಟಿಲ ಮೇಲೆ ಕೇಳಿದ್ದ ದನಿ: "ಈಗ ತಿರುಗಿ ಹೊರಟರೂ ಮುಟ್ಟಲ್ಲ. ಟ್ಯಾಂಕ್ ಇಲ್ಲ."

ಮುಳುಗಿದ ಹಡಗಿನ ಗುರುತು ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಕಾವಲು ವಿಮಾನಗಳ ಗುರುತುಗಳೂ ದಡದಿಂದ ದೂರದಲ್ಲಿ ಒಂದಾದ ಮೇಲೊಂದು ನಂದಿದವು.

ಅಡ್ಮಿರಲ್ ಹೆಡ್‌ಫೋನ್ ತೆಗೆದರು. ಅವರ ಕಿವಿಯ ಸುತ್ತ ಕೆಂಪಗೆ ಅಚ್ಚು ಬಿದ್ದಿತ್ತು.

"ಆ ಅಲೆಗಳನ್ನ ತೆಗೆದದ್ದು ಯಾರು?"

ನಿರ್ದೇಶಕರು ಬಾಯಿ ತೆರೆದರು. "ನಾನು ಸರ್" ಎಂದೆ.

"ಯಾರು ಹೇಳಿದ್ರು ತೆಗೀರಿ ಅಂತ?"

"ತೆಗೆದದ್ದು ನಾನು."

ಮೊದಲ ದಿನ ಅವರೇ ಆಡಿದ್ದ ಮಾತು ಅವರಿಗೆ ನೆನಪಾಯಿತೋ ಏನೋ, ಆಮೇಲೆ ನನ್ನತ್ತ ನೋಡಲಿಲ್ಲ. ವರದಿಯನ್ನು ಸಹಿ ಹಾಕದೆ ಮಡಚಿ ಸಹಾಯಕನ ಕೈಗೆ ಕೊಟ್ಟು, "ಟ್ಯಾಂಕ್ ವಾಪಸ್ ಹಾಕ್ಸಿ. ರೇಡಾರ್ ವಿಮಾನ ರಿಪೇರಿ ಎಲ್ಲಿಗೆ ಬಂತು ಕೇಳಿ" ಎಂದು ಹೊರಟರು.

ಪಕ್ಕದ ಕೋಣೆಯಿಂದ ತಮ್ಮ ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ನನ್ನ ಮುಂದೆ ನಿಂತ. "ಭಾನುವಾರ ಕೇಳಿದಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಇನ್ನೇನೂ ಕೇಳದೆ ಹೋಗಿಬಿಟ್ಟ.

ಮಾರ್ಚ್ 22, ಶನಿವಾರ

ರೇಡಾರ್ ಕೆಲಸದಿಂದ ನನ್ನನ್ನು ತೆಗೆದಿದ್ದಾರೆ. ವಿಚಾರಣೆ ಮುಗಿಯುವವರೆಗೆ ಗ್ರಂಥಾಲಯದ ಪಕ್ಕದ ಕೋಣೆ. ಕಿಟಕಿ ಇದೆ. ನಿರ್ದೇಶಕರು ಎದುರು ಸಿಕ್ಕರು, ಏನೋ ಹೇಳಲು ನಿಂತು, "ಕುರ್ಚಿ ಸರಿಯಿದೆಯೇನಮ್ಮ?" ಎಂದು ಕೇಳಿ ಹೋದರು. ಅವರ ಮೇಲೆ ಸಿಟ್ಟು ತರಿಸಿಕೊಳ್ಳಲು ನೋಡಿದೆ, ಬರಲಿಲ್ಲ.

ಮನೆಗೆ ಬಂದರೆ ಅಮ್ಮ: "ಅವನು ಫೋನ್ ಮಾಡಿದ್ದ. ಎಲ್ಲ ಹೇಳಿದ. ನಿನ್ ಹತ್ರ ಮಾತಾಡಲ್ವಂತೆ."

"ಎಷ್ಟು ದಿನ?"

"ನಾನು ಕೇಳಲಿಲ್ಲ. ನಿಮ್ಮಿಬ್ಬರಿಗೂ ಲೈನ್ ಜೋಡಿಸ್ತಾ ಕೂರೋಕೆ ನಾನಿನ್ನೂ ಎಕ್ಸ್‌ಚೇಂಜಲ್ಲಿದೀನಾ?" ಎಂದವಳು, ತಟ್ಟೆ ಹಾಕಿದಳು. ಕೂತು ತಿಂದೆ.

ಮಾರ್ಚ್ 27, ಗುರುವಾರ

ಹಡಗು ಬೆಳಿಗ್ಗೆ ಹೊರಟಿತು. ರೇಡಾರ್ ವಿಮಾನವನ್ನು ಹೇಗೋ ಎಬ್ಬಿಸಿ ನಿಲ್ಲಿಸಿದ್ದಾರೆ. ತಮ್ಮ ಮೊದಲ ಪಾಳಿ.

ನನ್ನ ಕೋಣೆಗೆ ಯಾವ ಸುದ್ದಿಯೂ ಬರುವುದಿಲ್ಲ. ಕಿಟಕಿಯಿಂದ ವಾಹನ ನಿಲ್ಲಿಸುವ ಅಂಗಳ ಮಾತ್ರ ಕಾಣುತ್ತದೆ. ಮರಗಳು ಗಾಳಿಗೆ ಬಾಗುತ್ತಿದ್ದವು. ಇಲ್ಲೇ ಇಷ್ಟಿದ್ದರೆ ನಡುನೀರಿನಲ್ಲಿ ಎಷ್ಟಿರಬಹುದು ಎಂದು ಲೆಕ್ಕ ಹಾಕುತ್ತಾ, ಬೇಡ ಎಂದು ಬಿಡುತ್ತಾ, ಮತ್ತೆ ಹಾಕುತ್ತಾ ಕೂತಿದ್ದೆ. ಮಧ್ಯಾಹ್ನ ಶತ್ರು ಮೇಡಂ ಬಾಗಿಲಲ್ಲಿ ಕಾಣಿಸಿಕೊಂಡರು. ಮುಖ ನೋಡಲು ಧೈರ್ಯವಾಗದೆ ಅವರ ಬೂಟನ್ನೇ ನೋಡಿದೆ.

"ಹಡಗು ಮುಟ್ಟಿತು. ಹಾರಿದವರೆಲ್ಲ ಇಳಿದ್ರು" ಎಂದರು. ನಾನು ಅಳುವುದನ್ನು ನೋಡಬಾರದೆಂದೋ ಏನೋ, ಬಾಗಿಲು ಎಳೆದುಕೊಂಡು ಹೋದರು.

ಸಂಜೆ ಅಮ್ಮ ಫೋನ್ ತಂದು ನನ್ನ ಕೈಗಿಟ್ಟು, ಒಳಗೆ ಹೋದಳು.

"ಇವತ್ತು ಶತ್ರು ಕಡೆಯ ಇಬ್ಬರು ಬಂದಿದ್ರು, ತೀರ ಕೆಳಗೆ" ಎಂದ ತಮ್ಮ. ಹಲೋ ಇಲ್ಲ, ಅಕ್ಕ ಇಲ್ಲ. "ಹಡಗಿನವರು ಮೊದಲು ನಮ್ಮನ್ನ ಬೇರೆ ಕಡೆಗೇ ಓಡಿಸಿದ್ರು. ಹೋಗಿ ನೋಡಿದ್ರೆ ಅಲೆ. ಮೇಲಿದ್ದ ರೇಡಾರ್ ವಿಮಾನದವರು ತಿದ್ದಿ ಹೇಳಿದ ಮೇಲೆ ತಿರುಗಿದ್ವಿ. ನಮ್ಮನ್ನ ನೋಡಿ ಅವರು ವಾಪಸ್ ಹೋದ್ರು. ನಾವು ಇಳಿದದ್ದು ಆ ಟ್ಯಾಂಕಿನ ಇಂಧನದಲ್ಲಿ."

"ಸರಿ" ಎಂದೆ.

"ನಿನ್ ಮೇಲೆ ಸಿಟ್ಟಿದೆ ನಂಗೆ."

"ಇರ್ಲಿ."

"ಬೇಗ ಇಳಿಯೋ ಥರದ್ದಲ್ಲ."

"ಇರ್ಲಿ ಕಣೋ."

ಫೋನ್ ಇಟ್ಟನೇನೋ ಎಂದುಕೊಂಡೆ. ಇಟ್ಟಿರಲಿಲ್ಲ.

"ಸೋಮವಾರ ಇನ್ನೊಂದು ಹಡಗಿದೆ" ಎಂದ. "ಆ ಮುದಿ ವಿಮಾನ ಮತ್ತೆ ಕೆಟ್ಟು ಕೂತಿದೆ. ಟ್ಯಾಂಕ್ ಇರುತ್ತೆ, ಅದು ಇರಲ್ಲ." ತಡೆದ. "ಸಾಕಾಗುತ್ತಾ?"

"ಗೊತ್ತಿಲ್ಲ" ಎಂದೆ. "ಅಲೆ ಎಷ್ಟಿರುತ್ತಂತೆ?"

ಹೇಳಿದ. ಗಾಳಿಯ ದಿಕ್ಕು ಕೇಳಿದೆ, ಅದನ್ನೂ ಹೇಳಿದ. ಪೆನ್ಸಿಲ್ ತೆಗೆದುಕೊಂಡು ಮೇಜಿಗೆ ಕೂತೆ. ನಾನು ಲೆಕ್ಕ ಮಾಡುವಷ್ಟು ಹೊತ್ತೂ ಅವನು ಫೋನ್ ಇಡಲಿಲ್ಲ. ಆ ಕಡೆಯಿಂದ ಅವನ ಉಸಿರು ಕೇಳಿಸುತ್ತಿತ್ತು.

ಸಾಕಾಗುವುದಿಲ್ಲ ಎಂದು ಹೇಳಿದೆ.